ಎಡಗೈ ರೊಟ್ಟಿ

ಸೋಮಶೇಖರನಿಗೆ ಒಲೆ ಹೊತ್ತಿಸಲು ಬರುತ್ತಿರಲಿಲ್ಲ. ಚಹಾ ಬೇಕೆಂದರೂ ಗೋಕಾಕದ ಬಸ್ ಸ್ಟ್ಯಾಂಡಿನವರೆಗೆ ಹೋಗುವ ಗಂಡಸು. ಅಂಥವನು ಕಂಪ್ಯೂಟರ್ ಪರದೆಯ ಮುಂದೆ ಎದೆಯುಬ್ಬಿಸಿ ನಿಂತು, "ಇದು ನಾ ಮಾಡಿದ ಒಲಿ ನೋಡ್ರಿ" ಎಂದಾಗ ಮೂಲೆಯ ಕುರ್ಚಿಯಲ್ಲಿದ್ದ ಭಾಗ್ಯಾಳಿಗೆ ಮೈಯೆಲ್ಲ ಉರಿಯಿತು.

ಒಲೆ ಅವಳದು. ಮೂಡಲಗಿಯ ಮನೆಯಲ್ಲಿ ಕೂತು ಒಂದು ಚಳಿಗಾಲ ಪೂರ್ತಿ ಅದಕ್ಕೇ ಸುರಿದಿದ್ದಳು. ಆ ಒಲೆ ಇದ್ದದ್ದು ಬೊಂಬೆ ಮನುಷ್ಯರು ಮನೆ ಕಟ್ಟಿಕೊಂಡು, ಉಂಡು, ಜಗಳಾಡಿ ಬದುಕುವ ಒಂದು ಕಂಪ್ಯೂಟರ್ ಆಟದಲ್ಲಿ. ಯಾವ ವಸ್ತುವಿನ ಮೇಲೆ ಒತ್ತಿದರೂ ಅದರಿಂದ ಏನೇನು ಮಾಡಬಹುದೆಂದು ತೋರಿಸುತ್ತದೆ. ಆಟ ಮಾಡಿದ ಪುಣ್ಯಾತ್ಮರು ಒಲೆಗೆ ಕೊಟ್ಟದ್ದು ಪಾಸ್ತಾ, ಕೇಕು. ಭಾಗ್ಯಾ ತಾನೇ ಕೋಡ್ ಬರೆದು "ರೊಟ್ಟಿ ಬಡಿ" ಎಂಬುದನ್ನು ಸೇರಿಸಿದ್ದಳು. ಒತ್ತಿದರೆ ಸಾಕು, ಹೆಂಗಸು ಕಾಲು ಮಡಚಿ ಕೂತು, ಹಿಟ್ಟು ನಾದಿ, ಪಟಪಟ ಬಡಿದು ಹಂಚಿಗೆ ಹಾಕುತ್ತಾಳೆ. ಕಂಪ್ಯೂಟರ್ ಕ್ಲಾಸಿನಲ್ಲಿ ತನಗಿಂತ ಹಿರಿಯನೆಂಬ ಮರ್ಯಾದೆಗೆ, ಒಮ್ಮೆ ನೋಡಿ ಹೇಳಿ ಸರ್ ಎಂದು ಸೋಮಶೇಖರನಿಗೆ ಕಳಿಸಿದ್ದೇ ತಪ್ಪಾಯಿತು. ಅವನು ನೋಡಲೂ ಇಲ್ಲ. ತನ್ನ ಹೆಸರು ಹಾಕಿಕೊಂಡ, ಅಷ್ಟೆ.

ಬಾಳೇಶ ಸರ್ ಗೋಕಾಕದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವರು. ಹುಕ್ಕೇರಿಯಲ್ಲಿ ಇನ್ನೊಂದು ತೆರೆಯುತ್ತಿದ್ದರು. ಅಲ್ಲಿ ಕಲಿಸಲು ಒಬ್ಬರು ಬೇಕು, ಇಬ್ಬರೂ ನಿಮ್ಮ ಕೆಲಸ ತೋರಿಸಿ ಎಂದಿದ್ದರು. ಈಗ ಭಾಗ್ಯಾ ಅದೇ ಒಲೆ ತೋರಿಸಿದರೆ ಕಳ್ಳಿ ಅವಳೇ ಆಗುತ್ತಿದ್ದಳು. ತೋರಿಸಲು ಬೇರೇನೂ ಇರಲಿಲ್ಲ.

ಬಾಳೇಶ ಸರ್ ಪರದೆಯ ಹತ್ತಿರ ಬಗ್ಗಿದರು.

"ಸೋಮಶೇಖರ, ಇಕಿ ಎಡಗೈಲೆ ಯಾಕ ಬಡ್ಯಾಕತ್ತಾಳ?"

ಕದ್ದ ಮಾಲನ್ನು ನೆಟ್ಟಗೆ ನೋಡುವಷ್ಟೂ ಪುರುಸೊತ್ತಿಲ್ಲದ ಕಳ್ಳ. ಕಣ್ಣು ಪಿಳಿಪಿಳಿ ಬಿಟ್ಟ, ಆಮೇಲೆ ಹಲ್ಲು ಕಿರಿದ.

"ಸಣ್ಣ ಮಿಸ್ಟೇಕ್ ಐತ್ರಿ ಸರ್. ಎಡಗೈಲೆ ರೊಟ್ಟಿ ಬಡಿಯೋ ಹೊಲಸ ಹೆಂಗಸು ಯಾರ ಮನ್ಯಾಗ ಇರ್ತಾಳ್ರಿ?"

"ನಮ್ಮ ಮನ್ಯಾಗ," ಎಂದಳು ಭಾಗ್ಯಾ.

ಎದ್ದು ಬಂದು ತನ್ನ ಮೊಬೈಲನ್ನು ಪರದೆಯ ಪಕ್ಕ ಹಿಡಿದಳು. ವಿಡಿಯೋದಲ್ಲಿ ಅವ್ವ ಲಕ್ಕವ್ವ ಬಳೆಗಳನ್ನು ಮೊಣಕೈವರೆಗೆ ಮೇಲೆ ಸರಿಸಿ ಎಡಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಪರದೆಯ ಬೊಂಬೆಯೂ ಹಾಗೇ ಬಳೆಗಳನ್ನು ಮೊಣಕೈವರೆಗೆ ಸರಿಸಿತು. ಅವ್ವನ ಆ ಎಡಗೈಯನ್ನು ಅಜ್ಜಿ ಸಾಯುವವರೆಗೂ ಬೈದಿದ್ದಳು. ನೆಂಟರು ಬಂದರೆ ಅವ್ವ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡೇ ರೊಟ್ಟಿ ಬಡಿಯಬೇಕಿತ್ತು. ಅದೇ ನೆಂಟರು ಮತ್ತೊಂದು ಹಾಕು, ಇನ್ನೊಂದು ಹಾಕು ಎಂದು ಹೊಟ್ಟೆ ಬಿರಿಯೆ ತಿಂದು ಹೋಗುತ್ತಿದ್ದರು, ಥೂ ಅವರ ಬಾಳಿಗೆ.

ಬಾಳೇಶ ಸರ್ ಎರಡನ್ನೂ ನೋಡಿದರು. ಸೋಮಶೇಖರನ ಮುಖವನ್ನೂ ನೋಡಿದರು.

"ತಿಳೀತವ್ವಾ. ಹುಕ್ಕೇರಿಗೆ ನೀನ ಬಾ. ಆದ್ರ ಆ ಕೈ ಅಷ್ಟು ಬಲಗೈ ಮಾಡಿಬಿಡು. ನೋಡಿದವ್ರಿಗೆ ಹೇಸಿಗಿ ಅನಸ್ತೈತಿ."

ಕಳ್ಳನೂ ಧಣಿಯೂ ಒಂದೇ ಹಿಟ್ಟಿನ ರೊಟ್ಟಿಗಳು ಎಂದುಕೊಂಡಳು ಭಾಗ್ಯಾ. ಕೋಡಿನಲ್ಲಿ ಕೈ ಬದಲಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆ ಕೋಣೆಯಲ್ಲಿ ಅವಳೊಬ್ಬಳಿಗೇ ಅದು ಬರುತ್ತಿತ್ತು.

"ಮಾಡಾಕ ಬರ್ತೈತ್ರಿ ಸರ್. ಮಾಡಂಗಿಲ್ಲ."

"ಮತ್ತ ಕೆಲಸಾ?"

"ಸೋಮಶೇಖರ ಸರ್‌ಗ ಕೊಡ್ರಿ. ಆ ಕೈ ಅವ್ರ ಬದಲಾ ಮಾಡ್ಲಿ."

ಸೋಮಶೇಖರ ಕೀಬೋರ್ಡಿನ ಮೇಲೆ ಒಂದು ಕೈಯಿಟ್ಟ, ಮತ್ತೊಂದು ಕೈಯನ್ನೂ ಇಟ್ಟ. ಎಲ್ಲಿ ಒತ್ತಬೇಕೆಂದು ತಿಳಿಯದೆ ಹಾಗೆಯೇ ನಿಂತ. ಪರದೆಯ ಮೇಲೆ ಲಕ್ಕವ್ವನ ಎಡಗೈ ತನ್ನ ಪಾಡಿಗೆ ಪಟಪಟ ಬಡಿಯುತ್ತಲೇ ಇತ್ತು.

ಬಾಳೇಶ ಸರ್ ಭಾಗ್ಯಾಳ ಕಡೆ ತಿರುಗಿದರು.

"ಸೋಮವಾರ ಬಾರವ್ವಾ. ಕೈ ಹಂಗ ಇರ್ಲಿ."