ಒಮ್ಮೆ ಮಾತ್ರ ಮುಂದೆ ಹೋದವರು

ಬಾಗಿಲು ಇರುವುದೇ ಇನ್ನೊಬ್ಬರು ಮೊದಲು ದಾಟಲಿ ಎಂದು, ಇದು ನಮ್ಮ ಬೀದಿಯ ಔಷಧದಂಗಡಿಯವರ ನಂಬಿಕೆಯಾಗಿತ್ತು. ಎದುರಿಗೆ ಬಂದವರು ಬ್ಯಾಂಕಿನ ಮ್ಯಾನೇಜರಾಗಲಿ, ಹಾಲಿನ ಕ್ಯಾನು ಹೊತ್ತವನಾಗಲಿ, ಅವರು ಎಡಭುಜವನ್ನು ಗೋಡೆಗೆ ಒತ್ತಿ, ಹೊಟ್ಟೆಯನ್ನು ಒಳಗೆಳೆದುಕೊಂಡು, “ಪರವಾಗಿಲ್ಲ, ನೀವು ಹೋಗಿ” ಎನ್ನುತ್ತಿದ್ದರು. ಹೀಗೆ ಒತ್ತಿ ಒತ್ತಿ ಅವರ ಬಿಳಿಯ ಕೋಟಿನ ಎಡತೋಳಿನ ಮೇಲೆ ಸುಣ್ಣದ ಮಾಸಲು ಗುರುತೊಂದು ಶಾಶ್ವತವಾಗಿ ನೆಲೆಸಿತ್ತು. ಇಂಥ ಮನುಷ್ಯ ಐವತ್ತೆರಡನೆಯ ವಯಸ್ಸಿನಲ್ಲಿ ಮೋಟಾರು ರೇಸಿಗೆ ಇಳಿದರು.

ಅವರ ಅಂಗಡಿಗೆ ತಾಗಿಕೊಂಡೇ ನನ್ನ ಮುದ್ರಣಾಲಯವಿದ್ದುದರಿಂದ ಈ ಅನರ್ಥದ ಮೂಲವನ್ನು ನಾನು ಕಣ್ಣಾರೆ ಕಂಡೆ. ಮೊಣಕಾಲಿನ ಮುಲಾಮಿಗೆಂದು ಬರುತ್ತಿದ್ದ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಹಳೆಯ ಸ್ಪೋರ್ಟ್ಸ್ ಕಾರುಗಳ ಕ್ಲಬ್ಬಿನ ಹಿರಿಯ ಸದಸ್ಯರು. ಮೂವತ್ತು ವರ್ಷದಿಂದ ರೇಸು ಓಡಿಸುತ್ತಿದ್ದವರು. ಒಂದು ಭಾನುವಾರ ಅವರು ಔಷಧದಂಗಡಿಯವರನ್ನು ತಮ್ಮ ತೆರೆದ ಕಾರಿನಲ್ಲಿ ಕೂರಿಸಿಕೊಂಡು ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹಾಕಿಸಿದರು. ಸೋಮವಾರ ಬೆಳಿಗ್ಗೆ ನಮ್ಮವರು ಕೆಮ್ಮಿನ ಔಷಧಿ ಕೇಳಿದವರಿಗೆ ಹೊಟ್ಟೆನೋವಿನದು ಕೊಟ್ಟು, ಬೀದಿಯ ತುದಿಯವರೆಗೂ ಓಡಿ ಹೋಗಿ ವಾಪಸು ತಂದರು. ಆಗಲೇ ನನಗೆ ಅನುಮಾನ ಬಂತು.

ತಿಂಗಳೊಪ್ಪತ್ತಿನಲ್ಲಿ ಅರವತ್ತು ವರ್ಷ ಹಳೆಯದಾದ, ಎರಡೇ ಆಸನದ ಪುಟ್ಟ ಕಾರೊಂದು ಅವರ ಹಿತ್ತಿಲಿನ ಶೆಡ್ಡಿಗೆ ಬಂತು. ಅದನ್ನು ರೇಸಿಗೆ ಅಣಿಗೊಳಿಸಲು ಹಿಡಿದದ್ದು ಒಂದೂವರೆ ವರ್ಷ. ಕಾರು ಮಗುಚಿದರೆ ತಲೆ ಕಾಯುವ ಉಕ್ಕಿನ ಕಮಾನು, ಹೊರಗಿನಿಂದಲೇ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು, ಬೆಂಕಿ ಆರಿಸುವ ಸಿಲಿಂಡರು, ಭುಜಕ್ಕೂ ಸೊಂಟಕ್ಕೂ ಬಿಗಿಯುವ ಬೆಲ್ಟು ಎಂದು ಕ್ಲಬ್ಬಿನ ನಿಯಮಪುಸ್ತಕ ಕೇಳಿದ್ದನ್ನೆಲ್ಲ ಅವರು ಶ್ರದ್ಧೆಯಿಂದ ಕೂಡಿಸಿದರು. ಬಿಚ್ಚಿದ ನಟ್ಟು ಬೋಲ್ಟುಗಳೆಲ್ಲ ಖಾಲಿ ಮಾತ್ರೆ ಡಬ್ಬಿಗಳಲ್ಲಿ ಭದ್ರವಾದವು, ಪ್ರತಿಯೊಂದರ ಮೇಲೂ ಅವರ ದುಂಡನೆಯ ಅಕ್ಷರದ ಚೀಟಿ: “ಕಾರ್ಬ್ಯುರೇಟರ್, ಎಡಗಡೆಯದು. ಅಲುಗಾಡಿಸಬಾರದು.” ವೈದ್ಯರ ತಪಾಸಣೆ ಮುಗಿಯಿತು, ಪರೀಕ್ಷೆ ಮುಗಿಯಿತು, ಲೈಸೆನ್ಸು ಬಂತು. ಅವರ ಹೆಂಡತಿ ಮಾತ್ರ ನನ್ನ ಬಳಿ ಬಂದು, “ಮನೇಲಿ ನೀರು ಕುಡಿಯೋಕೂ ಎಲ್ಲರದ್ದೂ ಆಗ್ಲಿ ಅಂತ ಕಾಯ್ತಾರೆ. ಇವರು ರೇಸಲ್ಲಿ ಏನು ಮಾಡ್ತಾರಣ್ಣ?” ಎಂದು ಕೇಳಿದರು.

ಅವರು ಮಾಡಿದ್ದು ಅದನ್ನೇ. ಹೊಸಬರೆಂಬ ಗುರುತಿನ ಹಳದಿ ಫಲಕವನ್ನು ಬೆನ್ನಿಗೆ ಅಂಟಿಸಿಕೊಂಡ ಆ ಕಾರು ಮೊದಲ ಮೂರು ರೇಸುಗಳಲ್ಲೂ ಕೊನೆಯದಾಗಿ ಬಂತು. ಹಿಂದಿನಿಂದ ವೇಗದ ಕಾರು ಬರುತ್ತಿದೆ, ದಾರಿ ಬಿಡು ಎಂದು ಹೇಳಲು ಟ್ರ್ಯಾಕಿನಲ್ಲಿ ನೀಲಿ ಬಾವುಟ ಬೀಸುತ್ತಾರೆ. ಬೀಸುವವನು ಬಾವುಟಕ್ಕೆ ಕೈ ಹಾಕುವ ಮೊದಲೇ ನಮ್ಮವರು ಪಕ್ಕಕ್ಕೆ ಸರಿದು, ಕೈಯೆತ್ತಿ, ಹೋಗಿ ಎಂದು ಸನ್ನೆ ಮಾಡುತ್ತಿದ್ದರಂತೆ. ಕ್ಲಬ್ಬಿನಲ್ಲಿ ಅವರಿಗೆ ‘ನೀಲಿ ಬಾವುಟ’ ಎಂಬ ಹೆಸರೇ ಬಿತ್ತು. ಟಯರಿನ ಗಾಳಿ ನೋಡುವ ಕೆಲಸಕ್ಕೆ ಜೊತೆಗೆ ಹೋಗುತ್ತಿದ್ದ ನನಗೆ ಆ ಹೆಸರು ಹಿಡಿದು ನಗುವುದನ್ನು ಕೇಳಿ ಮೈ ಉರಿಯುತ್ತಿತ್ತು. ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ.

ಉರಿದುಕೊಂಡ ಇನ್ನೊಬ್ಬರು ಮೇಷ್ಟ್ರು. ಪ್ರತಿ ರೇಸಿನ ನಂತರ ಸೀಮೆಸುಣ್ಣ ಹಿಡಿದು ಕಾಂಕ್ರೀಟು ನೆಲದ ಮೇಲೆ ತಿರುವುಗಳನ್ನು ಬರೆದು ಪಾಠ ಹೇಳುವರು. “ತಿರುವಿಗೆ ಮೊದಲೇ ಬ್ರೇಕು ಹಾಕಿ ಮುಗಿಸ್ಬೇಕು. ಒಳಗೆ ಹೋದಮೇಲೆ ಯೋಚನೆ ಮಾಡೋಕೆ ಪುರಸೊತ್ತಿಲ್ಲ. ಜಾಗ ಕಂಡ್ರೆ ತಗೊಳ್ಳಿ. ಅಲ್ಲಿ ಯಾರೂ ನಿಮ್ಮನ್ನ ಕೂಗಿ ಕರೆಯಲ್ಲ.”

ನಾಲ್ಕನೆಯ ರೇಸಿನ ಕೊನೆಯ ಸುತ್ತಿನಲ್ಲಿ ಜಾಗ ಕಂಡಿತು. ಮುಂದಿದ್ದದ್ದು ಮೇಷ್ಟ್ರ ಕಾರೇ. ಗೇರು ಬೀಳದೆ ಅದು ಒಂದು ಕ್ಷಣ ತಡವರಿಸಿತು, ಒಳಬದಿ ತೆರೆದುಕೊಂಡಿತು, ಐವತ್ತಮೂರು ವರ್ಷ ಗೋಡೆಗೆ ಆತು ನಿಂತಿದ್ದ ಮನುಷ್ಯ, ಕಲಿಸಿದ ರೇಖೆಯ ಮೇಲೆ ಕೂದಲೆಳೆಯಷ್ಟೂ ತಪ್ಪದೆ, ಗುರುವಿನ ಪಕ್ಕದಲ್ಲೇ ನುಗ್ಗಿ ಮುಂದೆ ಹೋದರು. ರೇಸು ಮುಗಿಯಿತೆನ್ನುವ ಬಾವುಟ ಬಿದ್ದು, ಕಾರು ಒಳಗೆ ಬಂದು, ಹೆಲ್ಮೆಟ್ಟು ತೆಗೆದಾಗ ಅವರು ನಗುತ್ತಿದ್ದರು. ಅಂಗಡಿಯ ಮುಗುಳ್ನಗೆಯಲ್ಲ, ಬಾಯ್ತುಂಬ, ಸದ್ದು ಮಾಡಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. “ನೋಡಿದ್ರಾ? ನಾನೇ ಕಣ್ರೀ!” ಎಂದು ನನ್ನ ಎರಡೂ ತೋಳು ಹಿಡಿದು ಅಲುಗಾಡಿಸಿದರು. ಮೇಷ್ಟ್ರಿಗೆ ಅಪಘಾತವಾಗಿದೆ ಎಂದು ಹೇಳಬೇಕಾಗಿ ಬಂದದ್ದು ನನಗೆ.

ಬಿಟ್ಟುಕೊಡಲೊಲ್ಲದೆ ಹೊರಬದಿಯಲ್ಲೇ ಹಟ ಹಿಡಿದ ಮೇಷ್ಟ್ರ ಕಾರಿನ ಚಕ್ರ ಹುಲ್ಲಿನ ಮೇಲೆ ಜಾರಿ, ಕಾರು ಗಿರ್ರನೆ ತಿರುಗಿ ಟಯರುಗಳ ಗೋಡೆಗೆ ಬಡಿದಿತ್ತು. ಬಲಮಣಿಕಟ್ಟು ಎರಡು ಕಡೆ ಮುರಿದಿತ್ತು. ಅಧಿಕಾರಿಗಳು ವಿಚಾರಣೆ ಮಾಡಿ, ಮುಂದೆ ಹೋದವರದು ಎಳ್ಳಷ್ಟೂ ತಪ್ಪಿಲ್ಲ ಎಂದು ಬರೆದುಕೊಟ್ಟರು. ಆ ಕಾಗದವನ್ನು ಔಷಧದಂಗಡಿಯವರು ಓದಲೇ ಇಲ್ಲ.

ಆಸ್ಪತ್ರೆಯ ಮೆಟ್ಟಿಲವರೆಗೆ ಹೋದರು. ಒಳಗೆ ಮನೆಯವರಿದ್ದಾರೆ, ಅವರದ್ದಾಗಲಿ ಎಂದು ಹೊರಗೇ ನಿಂತರು. ನಿಂತು ನಿಂತು ಹಿಂದಿರುಗಿದರು. ಮರುದಿನವೂ ಅದೇ ಆಯಿತು. ಮೂರನೆಯ ದಿನ ಹೋಗಲಿಲ್ಲ. ಕಾರಿನ ಮೇಲೆ ಟಾರ್ಪಾಲು ಹೊದಿಸಿದರು. ಬರಹೇಳು ಎಂದು ಮೇಷ್ಟ್ರು ನನ್ನ ಕೈಲೇ ಎರಡು ಸಲ ಹೇಳಿ ಕಳಿಸಿದರು. “ಹೋಗ್ತೀನಿ, ಹೋಗ್ತೀನಿ. ಅವರಿಗೆ ಸ್ವಲ್ಪ ಸುಧಾರಿಸ್ಲಿ” ಎಂದರೇ ಹೊರತು ಹೋಗಲಿಲ್ಲ. ಕೈ ಹಿಡಿದು ಎಳೆದುಕೊಂಡು ಹೋಗಬಹುದಾಗಿತ್ತಲ್ಲ ಎಂದು ನಾನು ಈಗ ಅಂದುಕೊಳ್ಳುತ್ತೇನೆ; ಆಗ ನನಗೂ ಮುದ್ರಣಾಲಯದ ಕೆಲಸವಿತ್ತು. ಹೀಗೆ ಎರಡೂವರೆ ವರ್ಷ ಸರಿದುಹೋಯಿತು.

ಕೊನೆಗೆ ಬಂದವರು ಮೇಷ್ಟ್ರೇ. ಗಿರಾಕಿಗಳ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಕಟ್ಟೆಯ ಮೇಲೆ ಸೊಟ್ಟಗಾದ ಬಲಗೈಯನ್ನಿಟ್ಟರು.

“ಏನು ಬೇಕಿತ್ತು ಸಾರ್?” ಔಷಧದಂಗಡಿಯವರು ಆ ಕೈಯನ್ನೇ ನೋಡುತ್ತ ಕೇಳಿದರು.

“ನೀವು ಬೇಕಿತ್ತು.”

ನಾನು ನನ್ನ ಬಾಗಿಲಿನಿಂದ ಕೇಳುತ್ತಿದ್ದೆ. ಮೇಷ್ಟ್ರು ತರಗತಿಯಲ್ಲಿ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರು: “ಮೂವತ್ತು ವರ್ಷದಲ್ಲಿ ಎಷ್ಟೋ ಜನ ನನ್ನನ್ನ ಹಿಂದೆ ಹಾಕಿದಾರೆ. ಒಂದೂ ನೆನಪಿಲ್ಲ. ನಿಮ್ಮದು ನೆನಪಿದೆ, ಅಷ್ಟು ಚೆನ್ನಾಗಿತ್ತು. ಅದನ್ನ ಹೇಳೋಣ ಅಂತ ಹಾಸಿಗೆ ಮೇಲೆ ಕಾದೆ. ನೀವು ಬರ್ಲೇ ಇಲ್ಲ.”

“ನನ್ನಿಂದ ನಿಮ್ಮ ಕೈ…”

“ಕೈ ಹೋಗಿದ್ದು ನನ್ನ ಮೊಂಡುತನಕ್ಕೆ. ಚಕ್ರ ಹುಲ್ಲಿಗೆ ಹೋದಮೇಲೂ ಆಕ್ಸಿಲರೇಟರಿಂದ ಕಾಲು ತೆಗೀಲಿಲ್ಲ ನಾನು. ಆ ತಪ್ಪನ್ನೂ ನೀವೇ ಹೊತ್ಕೊಂಡ್ರೆ ನನಗೆ ಅಂತ ಏನು ಉಳೀತು?”

ಅವರು ಬಂದದ್ದು ಇನ್ನೂ ಒಂದು ಕಾರಣಕ್ಕೆ. ಅವರ ಕಾರು ರಿಪೇರಿಯಾಗಿತ್ತು. ಸ್ಟಿಯರಿಂಗು ತಿರುಗಿಸಲು ಮಣಿಕಟ್ಟು ಒಲ್ಲೆನ್ನುತ್ತಿತ್ತು. ಅದನ್ನು ನೀವು ಓಡಿಸಬೇಕು, ನಾನು ಗೋಡೆಯ ಪಕ್ಕ ನಿಂತು ಬೈಯಬೇಕು ಎಂದು ಕೇಳಿದರು. ಔಷಧದಂಗಡಿಯವರು ಮರುವಾರವೇ ಲೈಸೆನ್ಸು ಹೊಸದು ಮಾಡಿಸಲು ಹೋದರು. ವೈದ್ಯರು ಎಡಗಣ್ಣಿನೊಳಗೆ ದೀಪ ಹಾಯಿಸಿ ಬಹಳ ಹೊತ್ತು ನೋಡಿದರು. ಕಣ್ಣಿನ ಪರದೆ ಹಿಂದಿನ ವರ್ಷವೇ ಸವೆಯತೊಡಗಿತ್ತಂತೆ. ಅಂಗಡಿಗೆ, ಬೀದಿಗೆ, ಪತ್ರಿಕೆ ಓದುವುದಕ್ಕೆ ತೊಂದರೆಯಿಲ್ಲ. ರೇಸಿಗೆ ಮಾತ್ರ ಅನುಮತಿ ಕೊಡಲಾಗದು ಎಂದರು.

ಮೇಷ್ಟ್ರ ಕಾರನ್ನು ಬೇರೆ ಊರಿನ ಹೆಣ್ಣುಮಗಳೊಬ್ಬಳು ಕೊಂಡು ಓಡಿಸುತ್ತಿದ್ದಾಳೆ, ಚೆನ್ನಾಗಿಯೇ ಓಡಿಸುತ್ತಾಳಂತೆ. ಔಷಧದಂಗಡಿಯವರು ಈಗಲೂ ಅಂಗಡಿಯಲ್ಲಿದ್ದಾರೆ. ಒಮ್ಮೆ ಕೇಳಿದೆ, ಆ ದಿನ ನೆನಪಾಗುತ್ತದೆಯೇ ಎಂದು. ಮಾತ್ರೆ ಎಣಿಸುತ್ತಿದ್ದ ಬೆರಳು ನಿಂತಿತು. “ಮುಂದೆ ಹೋಗಿದ್ದಕ್ಕಲ್ಲ ಬೇಜಾರು. ಮೂರನೇ ದಿನ ಆಸ್ಪತ್ರೆಗೆ ಹೋಗ್ಲಿಲ್ವಲ್ಲ, ಅದಕ್ಕೆ” ಎಂದು ಮತ್ತೆ ಮೊದಲಿನಿಂದ ಎಣಿಸತೊಡಗಿದರು.

ಸಜ್ಜನರಲ್ಲಿ ಇಂಥ ಒಂದು ವರ್ಗವುಂಟು. ಅನ್ಯರ ಅಪರಾಧಕ್ಕೆ ಅವರಲ್ಲಿ ಸಾವಿರ ಸಮಾಧಾನಗಳಿವೆ. ತಮ್ಮ ಕಲ್ಪಿತ ಅಪರಾಧಕ್ಕೆ ಮಾತ್ರ ತಾವೇ ದೂರುದಾರರು, ತಾವೇ ನ್ಯಾಯಾಧೀಶರು. ನೊಂದವರನ್ನು ಸಾಕ್ಷಿಗೂ ಕರೆಯದೆ ಅವರು ಶಿಕ್ಷೆ ಬರೆದುಕೊಳ್ಳುತ್ತಾರೆ, ಅದನ್ನು ವಿನಯವೆಂದು ತಿಳಿಯುತ್ತಾರೆ. ಆ ಶಿಕ್ಷೆಯ ಅರ್ಧಪಾಲನ್ನು ಇನ್ನೊಂದು ಮನೆಯಲ್ಲಿ ಇನ್ನೊಬ್ಬರು, ಯಾವ ತಪ್ಪೂ ಮಾಡದೆ, ಬಾಗಿಲು ನೋಡುತ್ತ ಅನುಭವಿಸುತ್ತಿರುತ್ತಾರೆ ಎಂಬುದು ಅವರಿಗೆ ಹೊಳೆಯುವಾಗ ತಡವಾಗಿರುತ್ತದೆ.