ಆವಿಗೆ ಹಿಡಿದ ರೇಷ್ಮೆ

ಇನ್‌ಫ್ರಾರೆಡ್ ಯಂತ್ರದ ಒಳಗುಟ್ಟು ಪೂರ್ತಿ ತಿಳಿಯದವರು ಅದರ ಕತೆ ಹೇಳಹೊರಡುವುದು ಅಧಿಕಪ್ರಸಂಗವೇ. ತಿಳಿದವರು ಮನ್ನಿಸಬೇಕು. ಇಲ್ಲಿ ಯಂತ್ರಕ್ಕಿಂತ, ಅದರ ಮುಂದೆ ನಿಂತಿದ್ದ ಮೂವರ ಮಾತೇ ಹೆಚ್ಚು.

"ಇದು ನಾವು ಮಾಡಿದ ಹಾಳೆಯೇ ಅಲ್ಲ" ಎಂದರು ಪರಿಮಳಾ ಮೇಡಂ, ಪರದೆಯಿಂದ ಕಣ್ಣು ಕೀಳದೆ.

ಶಿರಸಿಯ ಆ ಕಾಲೇಜಿನಲ್ಲಿ ತಸ್ಲೀಮ್, ಸುಮಂತ ಇಬ್ಬರೂ ಅವರ ಕೈಕೆಳಗೆ ಸಂಶೋಧನೆಗಿದ್ದರು. ರೇಷ್ಮೆಗೂಡನ್ನು ಕರಗಿಸಿ, ತೆಳ್ಳಗೆ ಹರಡಿ, ಒಣಗಿಸಿ ಹಾಳೆ ಮಾಡಿದ್ದರು. ಅದರ ಮೂಲಕ ಯಂತ್ರದ ಬೆಳಕು ಹಾಯಿಸಿದರೆ, ಒಳಗಿನ ಪ್ರೋಟೀನು ಸಡಿಲವಾಗಿ ಬಿದ್ದಿದೆಯೋ, ಮಡಿಕೆ ಮಡಿಕೆಯಾಗಿ ಬಿಗಿದುಕೊಂಡಿದೆಯೋ ಎಂದು ಪರದೆಯ ಗೆರೆ ಹೇಳುತ್ತದೆ. ಶುಕ್ರವಾರ ಸಡಿಲವಿದ್ದದ್ದು ಸೋಮವಾರ ಬಿಗಿದಿತ್ತು. ಮೇಡಂ ಒಂದು ಚೂರನ್ನು ನೀರಿಗೆ ಹಾಕಿದರು. ಕರಗಬೇಕಿತ್ತು, ತೇಲುತ್ತಲೇ ಇತ್ತು.

"ಬೆಳಿಗ್ಗೆ ಹಾಳೆಯ ಡಬ್ಬಿ ಮೇಜಿನ ಮೇಲಿಟ್ಟು ನಾನು ಆಫೀಸಿಗೆ ಹೋಗಿದ್ದೆ ಮೇಡಂ" ಎಂದಳು ತಸ್ಲೀಮ್. "ಆಗ ಇಲ್ಲಿ ಸುಮಂತ ಒಬ್ಬನೇ ಇದ್ದ."

"ಶನಿವಾರ ಡಬ್ಬಿ ಮನೆಗೆ ಹೊತ್ಕೊಂಡು ಹೋದವ್ರು ಯಾರು?" ಎಂದ ಸುಮಂತ. "ನಾನೇನು ರೇಷ್ಮೆಹುಳನಾ, ಕೂತಲ್ಲೇ ಬೇರೆ ನೂಲು ತೆಗೆಯೋಕೆ?"

"ನನ್ನ ಕಪಾಟಿನಲ್ಲೇ ಇತ್ತು. ಯಾರೂ ಮುಟ್ಟಿಲ್ಲ."

ಸುಮಂತ ಮೇಡಂ ಕಡೆ ತಿರುಗಿದ. "ಆನು ಮುಟ್ಟಿದ್ನೇ ಇಲ್ಲೆ ಮೇಡಂ."

ತಸ್ಲೀಮ್‌ಗೆ ಮೈ ಉರಿಯಿತು. ಸಿದ್ದಾಪುರದ ಅವನೂ ಮತ್ತಿಘಟ್ಟದ ಮೇಡಮ್ಮೂ ತಮ್ಮ ಮನೆಮಾತಿಗೆ ಇಳಿದರೆಂದರೆ ಅವಳಿಗೆ ಬಾಗಿಲು ಮುಚ್ಚಿದ ಹಾಗಾಗುತ್ತಿತ್ತು. ಧಾರವಾಡದ ವಿಚಾರಗೋಷ್ಠಿಗೆ ಇಬ್ಬರಲ್ಲಿ ಒಬ್ಬರೇ ಹೋಗುವುದು. ಅವನನ್ನು ನಂಬದೆಯೇ ಅವಳು ಡಬ್ಬಿಯನ್ನು ಮನೆಗೆ ಒಯ್ದದ್ದು.

ಆದರೆ ಮೇಡಂ ಅವನ ಮುಂದೆ ಕೈಚಾಚಿದರು. "ವಿಷಯ ಗೊತ್ತಾಗೋವರೆಗೆ ಪ್ರಯೋಗಾಲಯದ ನಿನ್ನ ಕೀಲಿಕೈ ಇಲ್ಲಿರಲಿ. ಧಾರವಾಡದ್ದು ಆಮೇಲೆ ನೋಡೋಣ."

ಸುಮಂತ ಕೀಲಿಕೈ ಮೇಜಿನ ಮೇಲಿಟ್ಟು, ತಸ್ಲೀಮಳ ಮುಖ ನೋಡದೆ ಹೊರಟುಹೋದ.

ಸಂಜೆ ಮನೆಯಲ್ಲಿ ತಸ್ಲೀಮಳ ತಾಯಿ ಜೊಹರಾ ಯಾರದೋ ಮದುವೆ ಸೀರೆಯ ಸುಕ್ಕು ಬಿಡಿಸುತ್ತಿದ್ದಳು. ಪೇಟೆಯಲ್ಲಿ ಸೀರೆ ಪಾಲಿಶ್‌ಗೆ ಅವಳ ಕೈಯೇ ಬೇಕೆನ್ನುವವರಿದ್ದರು. ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿತ್ತು.

"ನಿನ್ನ ರೇಷ್ಮೆ ನೋಡಿ ಮೇಡಂ ಏನಂದ್ರು ಬೇಟಿ?"

"ಯಾವ ರೇಷ್ಮೆ ಅಮ್ಮಿ?"

"ಆ ಡಬ್ಬೀದು. ಹಪ್ಪಳದ ಥರ ಮುದುಡಿತ್ತಲ್ಲ! ನಿನ್ನೆ ಮಲ್ಮಲ್ ಬಟ್ಟೇಲಿ ಸುತ್ತಿ ಹಂಡೆ ಮೇಲಿನ ಜಾಲರೀಲಿ ಇಟ್ಟಿದ್ದೆ, ಸಂಜೆ ತನಕ. ಎಷ್ಟು ನೀಟಾಗಿ ಕೂತ್ಕೊಳ್ತು ಗೊತ್ತಾ? ರೇಷ್ಮೆಗೆ ಆವಿನೇ ಸೈ, ಇಸ್ತ್ರಿ ಮುಟ್ಟಿಸಬಾರದು. ಮುದ್ದೆ ತಗೊಂಡು ಹೋಗಿ ನನ್ನ ಮಗಳು ಮೇಡಂ ಮುಂದೆ ತಲೆ ತಗ್ಗಿಸಬೇಕಾ?"

ತಸ್ಲೀಮ್ ಬಚ್ಚಲ ಹೊಸ್ತಿಲಲ್ಲೇ ಕೂತಳು. ಬಿಸಿ ಆವಿಯಲ್ಲಿ ಆ ಪ್ರೋಟೀನು ಬಿಗಿದುಕೊಳ್ಳುತ್ತದೆಂದು ಅವಳು ಓದಿದ್ದಳು. ಮುಂದಿನ ವಾರ ಯಂತ್ರದ ಮುಂದೆ ಅವರು ಮಾಡಿ ನೋಡಬೇಕಿದ್ದದ್ದೂ ಅದೇ.

"ಹೇಳೇ, ಚೆನ್ನಾಗಿತ್ತಂತಾ?"

"ಹೂಂ ಅಮ್ಮಿ. ಸುಕ್ಕೇ ಇರಲಿಲ್ಲ."

ಮರುದಿನ ಅವಳು ಬರುವಷ್ಟರಲ್ಲಿ ಪ್ರಯೋಗಾಲಯದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಡಂ ಮತ್ತು ಸುಮಂತ ತಮ್ಮ ಮನೆಮಾತಿನಲ್ಲಿ, ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅವಳ ಚಪ್ಪಲಿಯ ಸದ್ದಿಗೆ ನಿಲ್ಲಿಸಿದರು. ಸುಮಂತನ ಕೀಲಿಕೈ ನಿನ್ನೆ ಇಟ್ಟಲ್ಲೇ ಇತ್ತು. ತಸ್ಲೀಮ್ ತನ್ನ ಚೀಲ ತಡಕಿ, ತನ್ನ ಕೀಲಿಕೈಯನ್ನೂ ತೆಗೆದು ಅದರ ಪಕ್ಕದಲ್ಲಿಟ್ಟಳು.

"ಮೇಡಂ, ನಮ್ಮ ಮನೇಲಿ ಒಂದು ಹಂಡೆ ಇದೆ" ಎಂದು ಶುರುಮಾಡಿದಳು.

ಅವಳು ಬರುವ ಮುಂಚೆ ಆ ಇಬ್ಬರು ಏನು ಮಾತಾಡುತ್ತಿದ್ದರೋ ಅವಳಿಗೆ ತಿಳಿಯಲಿಲ್ಲ. ಇದನ್ನು ಬರೆದವರಿಗೂ ತಿಳಿಯದು.