ಮಾವ ಇನ್ನೂ ಬೆಂದಿಲ್ಲ

ಸಂಪಗಾಂವದ ಮನೆಯ ಮಾಳಿಗೆಯ ಮೇಲೆ ಮಾಂತೇಶ ಕೋಳಿ ಸುಡಲು ಕೆಂಡ ಮಾಡಿದ್ದ. ಹೊಸದಾಗಿ ತರಿಸಿದ ವೈರ್‌ಲೆಸ್ ಥರ್ಮಾಮೀಟರಿನ ಕಡ್ಡಿಯನ್ನು ಮಾಂಸಕ್ಕೆ ಚುಚ್ಚಿದರೆ, ಬೆಂದಿದೆಯೋ ಇಲ್ಲವೋ ಎಂದು ಮೊಬೈಲೇ ಕನ್ನಡದಲ್ಲಿ ಹೇಳುತ್ತಿತ್ತು. ಅವನು ಕೋಳಿಗೆ ಚುಚ್ಚುವ ಮುನ್ನವೇ ಮಾವ ಲಗಮಪ್ಪನವರು ಕೈಚಾಚಿದರು.

"ಅಳ್ಯಾರ, ನನಗೂ ಯಾಕೋ ಮೈ ಬೆಚ್ಚಗಾಗೇತಿ. ಒಂದೀಟ ನೋಡೂಣ ತರ್ರಿ" ಎಂದು ಕಡ್ಡಿಯನ್ನು ಬಗಲಲ್ಲಿ ಸಿಕ್ಕಿಸಿಕೊಂಡರು.

"ಇನ್ನೂ ಹಸಿಯಾಗಿದೆ. ಬಡಿಸಬೇಡಿ" ಎಂದಿತು ಮೊಬೈಲು.

ಲಗಮಪ್ಪನವರ ಮುಖ ಸಣ್ಣದಾಯಿತು. "ಹುಟ್ಟಿದಾಗಿಂದ ಬಿಸಲಾಗ ದುಡದೇನಿ, ನಾ ಹಸೀನ?" ಎಂದವರೇ ಕುರ್ಚಿಯನ್ನು ಕೆಂಡದ ಪಕ್ಕಕ್ಕೆ ಎಳೆದುಕೊಂಡರು.

ತುಸು ಹೊತ್ತಿನ ಮೇಲೆ ಮೊಬೈಲು, "ಈಗ ಮಗ್ಗಲು ಹೊರಳಿಸಿ" ಎಂದಿತು. ಮಾವ ಗಂಭೀರವಾಗಿ ಇನ್ನೊಂದು ಮಗ್ಗಲಿಗೆ ತಿರುಗಿ ಕುಳಿತರು.

ಕಡ್ಡಿಯನ್ನು ಮರಳಿ ಕೇಳುವ ಧೈರ್ಯ ಮಾಂತೇಶನಿಗಾಗಲಿಲ್ಲ. ಕೋಳಿಯನ್ನು ಕಣ್ಣಳತೆಯಲ್ಲೇ ಸುಟ್ಟ.